ಮ್ಯಾನೇಜರ್ ಅಲ್ಲದವನು

ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಹೆಲ್ಮೆಟ್.

ಪುಣೆಯ ಮಗರಪಟ್ಟಾ ಐಟಿ ಪಾರ್ಕಿನ ದೊಡ್ಡ ಗೇಟಿನ ಹೊರಗೆ, ವಡಾಪಾವ್ ಗಾಡಿಯ ಪಕ್ಕದಲ್ಲಿ ದೇವಾನಂದನ ಬೈಕು ನಿಂತಿತ್ತು. ಅವನನ್ನು ಕೆಲಸದಿಂದ ತೆಗೆದು ತಿಂಗಳಾಗುತ್ತ ಬಂದಿತ್ತು. ಇನ್ನು ಆ ಬೈಕು ಈ ಕಡೆ ಬರುವುದಿಲ್ಲವೆಂದು ಮನಸ್ಸಿಗೆ ಹೇಳಿ ಹೇಳಿ ಒಪ್ಪಿಸಿದ್ದೆ. ಈಗ ಅದನ್ನು ಕಂಡದ್ದೇ, ಬಸ್ಸು ತಪ್ಪಿದರೆ ತಪ್ಪಲಿ ಎಂದು ಆ ಕಡೆ ತಿರುಗಿದೆ. ಆಗ ಕಂಡಿತು. ಹ್ಯಾಂಡಲ್ಲಿಗೆ ಇನ್ನೊಂದು ಹೆಲ್ಮೆಟ್ ನೇತಾಡುತ್ತಿತ್ತು. ಹೊಸದು. ಆಕಾಶದ ನೀಲಿ ಬಣ್ಣದ್ದು. ಗಂಡಸರು ಹಾಕುವಂಥದ್ದಲ್ಲ.

ಎರಡು ವರ್ಷ ಅವನ ಪಕ್ಕದ ಕುರ್ಚಿಯಲ್ಲಿ ಕೂತವಳು ನಾನು. ಬಸ್ಸುಗಳು ನಿಂತುಹೋದ ಒಂದು ಸಂಜೆ, "ಮನಿ ತನಕಾ ಬಿಡ್ಲೇನ್ರಿ? ಆದ್ರ ಹೆಲ್ಮೆಟ್ ಒಂದ ಅದ, ಪೊಲೀಸ್ರು ಹಿಡೀತಾರ" ಎಂದು ತಾನೇ ಕೇಳಿ, ತಾನೇ ಬೇಡವೆಂದು ತೀರ್ಮಾನಿಸಿದ್ದ. ಅಂದು ನಾನು ಪುಣೆಯ ಪೊಲೀಸರನ್ನೆಲ್ಲ ಮನಸ್ಸಿನಲ್ಲೇ ಬೈದಿದ್ದೆ.

ದೇವಾನಂದ ಬಂದು ಬೈಕೇರಿದ. ಗಾಡಿಯ ಹಿಂದಿನಿಂದ ಶೀತಲ ಬಂದಳು. ನಮ್ಮ ಮೇಲಿನ ಫ್ಲೋರಿನವಳು, ಅವನ ಜೊತೆಗೇ ಕೆಲಸ ಕಳೆದುಕೊಂಡವಳು. ತಾನು ಅರ್ಧ ತಿಂದ ವಡಾಪಾವನ್ನು ಅವನ ಕೈಗಿಟ್ಟು, ನೀಲಿ ಹೆಲ್ಮೆಟ್ ತಲೆಗೇರಿಸಿ, ಅವನ ಹೆಗಲು ಹಿಡಿದು ಹಿಂದೆ ಹತ್ತಿದಳು. ಹತ್ತಿದ ಮೇಲೂ ಕೈ ತೆಗೆಯಲಿಲ್ಲ.

ಅವನು ಬೈಕಿನ ಕನ್ನಡಿ ಸರಿಮಾಡಿದ. ಕನ್ನಡಿಯಲ್ಲಿ ನಾನು ಸಿಕ್ಕೆ. ಅವನ ಕಣ್ಣು ಒಂದು ಕ್ಷಣ ಅಗಲವಾಯಿತು, ಇನ್ನೇನು ನಗುವನೆಂದುಕೊಂಡೆ. ಅಷ್ಟರಲ್ಲಿ ರೆಪ್ಪೆ ಕೆಳಗಿಳಿಯಿತು. ಬೈಕು ಹೊರಟುಹೋಯಿತು.

ನಮ್ಮ ಕಂಪನಿಯ ಕೆಲಸ ಪರದೇಶದ ಆಸ್ಪತ್ರೆಗಳ ವಿಮೆಯ ಬಿಲ್ಲು ತಪಾಸಣೆ. ದಿನವಿಡೀ ಸ್ಕ್ರೀನಿನ ಮೇಲೆ ಯಾರದೋ ಮುರಿದ ಮೊಣಕಾಲು, ಯಾರದೋ ಹೆರಿಗೆ. ಪಗಾರ ಏರಿಸಲಾಗದ ವರ್ಷ ಹುದ್ದೆಯ ಹೆಸರನ್ನು ಏರಿಸುವುದು ಅಲ್ಲಿಯ ಪದ್ಧತಿ. ಹಾಗೆ ಒಂದು ಏಪ್ರಿಲ್‌ನಲ್ಲಿ ದೇವಾನಂದ ಅಸಿಸ್ಟಂಟ್ ಮ್ಯಾನೇಜರ್ ಆದ. ಅದೇ ಕುರ್ಚಿ, ಅದೇ ಬಿಲ್ಲು, ಅದೇ ಕೆಟ್ಟ ಮೌಸು. ನಾನು ಮಾತ್ರ ಅವನನ್ನು "ಸಾಹೇಬ್ರ" ಎಂದು ಕರೆಯತೊಡಗಿದೆ. ಹೆಚ್ಚು ಮಾತು ಬಾರದ ನನಗೆ ಆ ಒಂದು ಶಬ್ದದಲ್ಲಿ ಎಷ್ಟೆಲ್ಲ ತುಂಬಿಡಲು ಬರುತ್ತಿತ್ತು! ಕರೆದಾಗಲೆಲ್ಲ ಅವನ ಕಿವಿಯ ತುದಿ ಕೆಂಪಾಗುತ್ತಿತ್ತು.

ಅಪ್ಪನ ಆಪರೇಶನ್ ಆದಮೇಲೆ ಒಂದು ಭಾನುವಾರ ಅವನು ಹಡಪಸರದ ನಮ್ಮ ಮನೆಗೆ ಬಂದಿದ್ದ. ಅಪ್ಪ ಬ್ಯಾಂಕಿನಲ್ಲಿದ್ದು ರಿಟೈರಾದವರು, ಧಾರವಾಡದ ಹಳೆಯ ಗತ್ತಿನವರು. "ಕೈಕೆಳಗ ಎಷ್ಟು ಮಂದಿ ಅದಾರಪಾ?" ಎಂದು ಕೇಳಿದರು. ದೇವಾನಂದ ಚಹಾದ ಕಪ್ಪನ್ನೇ ನೋಡುತ್ತ, "ಎಂಟ ಮಂದಿ ರೀ" ಎಂದ. ಆ ಎಂಟರಲ್ಲಿ ಒಬ್ಬಳು ಚಕ್ಕಲಿಯ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. ನಾನು ತಟ್ಟೆಯನ್ನು ಅವನ ಮುಂದಕ್ಕೆ ಚಾಚಿದೆ.

ಆಮೇಲೆ ಕಂಪನಿ ಜನರನ್ನು ಕಡಿಮೆ ಮಾಡಿತು. ಎಚ್‌ಆರ್‌ನ ವಿಕ್ರಮ ಒಬ್ಬೊಬ್ಬರನ್ನೇ ಗಾಜಿನ ಕೋಣೆಗೆ ಕರೆದು, ನೀವಾಗಿಯೇ ರಾಜೀನಾಮೆ ಕೊಟ್ಟಿರೆಂದು ಸಹಿ ಮಾಡಿ, ಒಳ್ಳೆಯ ಸರ್ಟಿಫಿಕೇಟ್ ಕೊಡುತ್ತೇವೆ, ಎನ್ನುತ್ತಿದ್ದ. ಹೆಚ್ಚುಕಡಿಮೆ ಎಲ್ಲರೂ ಸಹಿ ಹಾಕಿದರು. ದೇವಾನಂದ ಹಾಕಲಿಲ್ಲ. "ನಾ ಬಿಟ್ಟಿಲ್ಲ, ನೀವು ಬಿಡಸ್ಲತ್ತೀರಿ. ಹಂಗಂತ ನೀವ ಬರಕೊಡ್ರಿ" ಎಂದನಂತೆ, ಸಿಟ್ಟಿನಲ್ಲಿ ಕನ್ನಡದಲ್ಲೇ. ಮರುದಿನ ಅವನ ಕಾರ್ಡಿಗೆ ಬಾಗಿಲು ತೆರೆಯಲಿಲ್ಲ. ಹಾಗೆಯೇ ಸಹಿ ಹಾಕದೆ ಉಳಿದ ಇನ್ನೊಬ್ಬಳು ಶೀತಲ. ಇಬ್ಬರೂ ಕಾರ್ಮಿಕ ಕಚೇರಿಗೆ ದೂರು ಕೊಟ್ಟರು.

ಒಂದೇ ದಿನ ಬಾಗಿಲು ಮುಚ್ಚಿಸಿಕೊಂಡವರ ನಡುವೆ ಎಂಥ ನಂಟು ಬೆಳೆಯುತ್ತದೋ, ಒಳಗೇ ಉಳಿದವರಿಗೆ ಹೇಗೆ ತಿಳಿಯಬೇಕು? ನನ್ನನ್ನು ಕೆಲಸದಿಂದ ತೆಗೆಯಲಿಲ್ಲವಲ್ಲ ಎಂದು ಅತ್ತವಳು ಇಡೀ ಮಗರಪಟ್ಟಾದಲ್ಲಿ ನಾನೊಬ್ಬಳೇ ಇರಬೇಕು.

"ಹೆಂಗಿದ್ದೀರಿ?" ಎಂದು ನಾನು ಕಳಿಸಿದ ಮೆಸೇಜಿಗೆ "ಬ್ಯುಸಿ ಇದ್ದೀನ್ರಿ" ಎಂದು ಉತ್ತರ ಬರುತ್ತಿತ್ತು. ಏತರಲ್ಲಿ ಬ್ಯುಸಿ ಎನ್ನುವುದು ಶೀತಲಳ ಸ್ಟೇಟಸ್‌ನಲ್ಲಿ ಕಾಣುತ್ತಿತ್ತು. ವಾಕಡೆವಾಡಿಯ ಕಾರ್ಮಿಕ ಕಚೇರಿಯ ಹೊರಗಿನ ಚಹಾದಂಗಡಿ, ಎರಡು ಗ್ಲಾಸು, ಒಂದರ ಸುತ್ತ ಗಂಡಸಿನ ಬೆರಳು. ಮುಖವಿಲ್ಲ. ಮುಖ ನನಗೆ ಬೇಕೂ ಇರಲಿಲ್ಲ. ಆ ಹೆಬ್ಬೆರಳಿನ ಚಪ್ಪಟೆ ಉಗುರನ್ನು ನಾನು ಎರಡು ವರ್ಷ ಕೀಬೋರ್ಡಿನ ಮೇಲೆ ಕದ್ದು ನೋಡಿದ್ದೆ.

ತಡೆಯಲಾಗದೆ ಒಂದು ಶನಿವಾರ ಅವನ ಮನೆ ಹುಡುಕಿಕೊಂಡು ರಾಮಟೇಕಡಿಗೆ ಹೋದೆ. ನೆಪಕ್ಕೆ ಪ್ಯಾಂಟ್ರಿಯಲ್ಲಿ ಉಳಿದುಹೋಗಿದ್ದ ಅವನ ಊಟದ ಡಬ್ಬಿ ಇತ್ತು.

ಅವನ ಅಪ್ಪ ಕಾಶಪ್ಪ ಗೌಂಡಿ ಕೆಲಸದವರು, ಹೊರಗೆ ಹೋಗಿದ್ದರು. ಕಲಬುರ್ಗಿ ಕಡೆಯಿಂದ ಬಂದು, ಈ ಊರಿನ ಗೋಡೆಗಳನ್ನು ಕಟ್ಟುತ್ತ ಮಗನನ್ನು ಓದಿಸಿದವರು. ಅವ್ವ ಯಂಕವ್ವ ಒಲೆಯ ಮುಂದಿದ್ದರು.

"ನೀ ಮಂಜರಿ ಅಲ್ಲಾ? ಬಾರವ್ವ, ಕೂಡು. ದೇವ್ಯಾ ಈಗ ಬರ್ತಾನ."

ನನ್ನ ಹೆಸರು ಈ ಮನೆಯಲ್ಲಿ ಗೊತ್ತಿದೆ! ಆ ಸಂತೋಷ ಬುಟ್ಟಿಯತ್ತ ಕಣ್ಣು ಹೋಗುವವರೆಗೆ ಮಾತ್ರ. ದುಂಡನೆಯ ರೊಟ್ಟಿಗಳ ಮೇಲೆ ಒಂದು ಅಂಚು ಹರಿದ, ಸೊಟ್ಟ ರೊಟ್ಟಿ ಇತ್ತು.

"ಅದಾ? ಅದು ಶೀತಲ ಬಡದದ್ದು. ನಿನ್ನಿ ಬಂದಿದ್ಲು. ಬಡಿಯಾಕ ಬರಂಗಿಲ್ಲ, ಬ್ಯಾಡಂದ್ರ ಬಿಡಂಗಿಲ್ಲ. ಭಾಳ ಚಲೋ ಹುಡುಗಿ" ಎಂದು ಯಂಕವ್ವ ನಕ್ಕರು.

ಹರಿದ ರೊಟ್ಟಿಯ ಮೇಲೆ ಯಾರಿಗಾದರೂ ಹೊಟ್ಟೆಕಿಚ್ಚಾಗುತ್ತದೆಯೇ? ನನಗಾಯಿತು. ನನಗೆ ಚಂದ್ರನಂತೆ ಬಡಿಯಲು ಬರುತ್ತದೆ. ಆದರೆ ಬಡಿಯಲೇನ್ರಿ ಎಂದು ಕೇಳುವ ಧೈರ್ಯ ಬರುವುದಿಲ್ಲ.

"ಕೇಸ್ ಎಲ್ಲೀತನಕಾ ಬಂತ್ರಿ?" ಎಂದೆ.

"ಏನ್ ಕೇಸೋ ನಮ್ಮವ್ವ! ಇಂವ ಮ್ಯಾನೇಜರ್ ಅಲ್ಲಂತ ತೋರಸ್ಬೇಕಂತ. ಕೇಳ್ದೇನು? ಮ್ಯಾನೇಜರ್ ಆಗ್ಯಾನಂತ ಇಡೀ ಗಲ್ಲಿಗೆ ಪೇಡೆ ಹಂಚೀನಿ ನಾ. ಈಗ ಮನಿಮನಿಗೆ ಹೋಗಿ ಏನನ್ಲಿ? ನನ್ನ ಪೇಡೆ ಹೊಳ್ಳಿ ಕೊಡ್ರಿ ಅನ್ಲೇನು?"

ನಾನು ನಕ್ಕುಬಿಟ್ಟೆ. ಬಾಗಿಲಲ್ಲಿ ದೇವಾನಂದ ನಿಂತಿದ್ದ. ಅವನು ನಗಲಿಲ್ಲ.

"ನೀವ್ಯಾಕ ಬಂದ್ರಿ?"

"ಡಬ್ಬಿ ಕೊಡ್ಲಿಕ್ಕೆ."

"ಡಬ್ಬಿ ಕೊಡ್ಲಿಕ್ಕ ಇಲ್ಲೀತನಕಾ?"

"ಯಾಕ, ಶೀತಲ ಬರಬಹುದು, ನಾ ಬರಬಾರ್ದೇನು?" ಈ ಮಾತು ನನ್ನ ಬಾಯಿಂದಲೇ ಬಂತೇ ಎಂದು ನನಗೇ ಗಾಬರಿಯಾಯಿತು.

"ಅಕಿ ಮಾತು ಬ್ಯಾರೆ."

"ಹೌದ್ರಿ. ಬ್ಯಾರೆನ."

ಅವನು ಡಬ್ಬಿಯ ಮುಚ್ಚಳ ತೆಗೆದು ಹಾಕಿ ಮಾಡಿದ. "ಹಂಗಲ್ರಿ. ನೀವಿನ್ನೂ ಅಲ್ಲಿ ಕೆಲಸಾ ಮಾಡ್ಲತ್ತೀರಿ. ನನ್ನ ಜೋಡಿ ಕಂಡ್ರ ನಿಮಗ ತ್ರಾಸು. ಕೇಸ್ ಬಿದ್ದುಹೋದ್ರ ನಾ ಹೈದ್ರಾಬಾದಿಗೆ ಹೋಗ್ತೀನಿ, ಅಲ್ಲೊಂದು ಕೆಲಸಾ ಅದ."

"ಒಬ್ರನಾ?"

ಅವನಿಗೆ ಆ ಪ್ರಶ್ನೆಯ ಒಳಗಿನದು ಕೇಳಿಸಲಿಲ್ಲ. "ಶೀತಲನೂ ಅಪ್ಲಾಯ್ ಮಾಡ್ಯಾಳ" ಎಂದ.

ಯಂಕವ್ವ ಊಟಕ್ಕೆ ಕೂಡೆಂದರು. ಹಸಿವಿಲ್ಲವೆಂದೆ. ಇಳಿಜಾರಿನ ಗಲ್ಲಿಯಲ್ಲಿ ಇಳಿಯುವಾಗ ಅವನು ಹಿಂದೆ ಬರಬಹುದೆಂದು ಚಪ್ಪಲಿಯ ಪಟ್ಟಿ ಸರಿಮಾಡುವ ನೆವದಲ್ಲಿ ಎರಡು ಸಲ ನಿಂತೆ. ಬರಲಿಲ್ಲ.

ಸೋಮವಾರ ಬಸ್ ಸ್ಟಾಪಿನಲ್ಲಿ ಯಾರೋ ನನ್ನ ಬ್ಯಾಗು ಹಿಡಿದೆಳೆದರು.

"ಏ ಮಂಜರಿ, ಥಾಂಬ, ನಿಂದ್ರು! ನನ್ನ ಕಂಡ್ರ ನೀ ಮುಖಾ ಹೊಳ್ಳಸ್ತಿ, ಗೊತ್ತದ ನನಗ. ಒಂದ್ ಐದ್ ಮಿನಿಟ್ ಕೇಳು."

ಶೀತಲ. ಪುಣೆಯಾಚೆಯ ದೌಂಡಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ಮರಾಠಿ ಹುಡುಗಿ. ಆದರೆ ಅವಳ ತಾಯಿಯ ತವರು ಅಕ್ಕಲಕೋಟೆ, ಹೀಗಾಗಿ ಕನ್ನಡವೂ ನೀರು ಕುಡಿದಷ್ಟು ಸಲೀಸು. ಅವನ ಜೊತೆ ಕನ್ನಡ ಮಾತಾಡುವುದಾದರೂ ನನ್ನೊಬ್ಬಳ ಪಾಲೆಂದು ತಿಳಿದಿದ್ದೆ. ಅದೂ ಹೋಯಿತು.

"ಕೇಸ್ ನಂದು ಸರಳ ಅದ. ದೇವಾಂದು ಗಂಟು" ಎಂದು ಅವಳು ನನ್ನ ಪಕ್ಕದಲ್ಲೇ ಕೂತಳು. ಐಟಿ ನೌಕರರ ಸಂಘದವರನ್ನು ಕೇಳಿ ಕೇಳಿ ಕಾಯ್ದೆ ತಿಳಿದುಕೊಂಡಿದ್ದಳು. "ಕಂಪನಿ ಏನಂತದ ಗೊತ್ತೇನು? ಇಂವ ಮ್ಯಾನೇಜರ್, ಕಾಮಗಾರ ಅಲ್ಲ, ಅದಕ್ಕ ಕಾರ್ಮಿಕರ ಕಾಯ್ದೆ ಇವಗಿಲ್ಲ. ಮುಗೀತು, ಲೇಬರ್ ಆಫೀಸಿನ ಬಾಗಲಾನ ಬಂದ್. ಆದ್ರ ಕಾಯ್ದೆ ಹುದ್ದೇದ ಹೆಸರು ನೋಡಂಗಿಲ್ಲ, ಕೆಲಸಾ ನೋಡ್ತದ. ಇಂವ ಯಾರಿಗರ ರಜಾ ಕೊಟ್ಟಾನ? ಯಾರ್ದರ ಪಗಾರ ಏರ್ಸ್ಯಾನ? ಇಲ್ಲಂತ ಅವನ ಟೀಮಿನವ್ರೊಬ್ರು ಬಂದು ಹೇಳ್ಬೇಕು. ಏಳು ಮಂದೀಗೂ ಕೈ ಮುಗದೆ. ಎಲ್ಲಾರೂ ವಿಕ್ರಮಗ ಹೆದರ್ತಾರ. ಎಂಟನೇದಾಕಿ ನೀ."

"ನನ್ನ ಯಾಕ ಕೇಳ್ಲಿಲ್ಲ?"

"ಅಂವ ಬಿಟ್ರ ಅಲ್ಲಾ! 'ಮಂಜರಿಯವ್ರ ಅಪ್ಪಾರ ಮುಂದ ಎಂಟ ಮಂದಿ ನನ್ನ ಕೈಕೆಳಗ ಅಂದೀನಿ. ಈಗ ಅವರ ಬಾಯಿಂದನ ನಾ ಏನೂ ಅಲ್ಲ ಅಂತ ಹೇಳಿಸ್ಲೇನು? ಕೇಸ್ ಬಿದ್ರ ಬೀಳ್ಲಿ' ಅಂತಾನ. ಹುಚ್ಚ."

ನಾನು ಅವಳ ಮುಖ ನೋಡಿದೆ. ಅವಳು ರಸ್ತೆ ನೋಡುತ್ತಿದ್ದಳು.

"ಇನ್ನೊಂದು ಹೇಳ್ತೀನಿ. ನನಗ ಅಂವ ಅಂದ್ರ ಇಷ್ಟ. ಸುಳ್ಳ ಯಾಕ ಹೇಳ್ಲಿ? ಆ ಹೆಲ್ಮೆಟ್ ಅಂವ ಕೊಡ್ಸಿದ್ದಲ್ಲ, ನಾನ ತಂದದ್ದು. ನೀ ಬರದಿದ್ರ ಕೇಸ್ ಬೀಳ್ತದ, ಹೈದ್ರಾಬಾದಿಗೆ ನಾವಿಬ್ರೂ ಹೋಗ್ತೀವಿ. ಬಂದ್ರ ಅಂವ ಇಲ್ಲೇ ಉಳೀತಾನ. ನನ್ನ ಫಾಯದಾ ಯಾವುದ್ರಾಗ ಅದ ಅನ್ನೂದು ನನಗೂ ಲೆಕ್ಕ ಬರ್ತದ."

"ಮತ್ಯಾಕ ಕರೀಲಿಕ್ಕತ್ತಿ?"

"ಅಂವಗ ಅನ್ಯಾಯ ಆಗೇದ, ಅದಕ್ಕ" ಎಂದಳು, ಇದೂ ಕೇಳುವ ಮಾತೇ ಎನ್ನುವಂತೆ. "ಬುಧವಾರ ತಾರೀಖು ಅದ. ಖರೆ ಹೇಳು, ಅಂವ ನಿನಗ ಯಾವಾಗರ ರಜಾ ಕೊಟ್ಟಾನೇನು?"

ಬಸ್ಸು ಬಂತು, ಹತ್ತಿದೆ. ಅವಳು ಕೆಟ್ಟವಳಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು! ಒಳ್ಳೆಯವಳ ಮೇಲಿನ ಹೊಟ್ಟೆಕಿಚ್ಚಿಗೆ ಊರಲು ಜಾಗವೇ ಸಿಗುವುದಿಲ್ಲ. ಅದು ನನ್ನೊಳಗೇ ಸುತ್ತು ಹಾಕುತ್ತದೆ.

ಅವಳ ಪ್ರಶ್ನೆಗೆ ಉತ್ತರ ನನ್ನಲ್ಲಿತ್ತು. ಅದನ್ನು ಹೇಳಿದರೆ ಅವನು ಪುಣೆಯಲ್ಲಿ ಉಳಿಯುತ್ತಾನೆ. ಆದರೆ ನನ್ನ ಮುಂದೆ ಅವನು ಇಷ್ಟು ಜತನದಿಂದ ಕಾಪಾಡಿಕೊಂಡ ಸಾಹೇಬ ಉಳಿಯುವುದಿಲ್ಲ. ಅದಾದಮೇಲೆ ಅವನು ನನ್ನ ಮುಖ ನೋಡುತ್ತಾನೋ ಇಲ್ಲವೋ.

ಬುಧವಾರ ಹೋದೆ.

ಕಾರ್ಮಿಕ ಕಚೇರಿಯ ಕೋಣೆಯಲ್ಲಿ ಮೇಜಿನ ಆ ಕಡೆ ಅಧಿಕಾರಿ, ನಮ್ಮ ಸೋದರತ್ತೆಯ ವಯಸ್ಸಿನ ಹೆಂಗಸು, ಕನ್ನಡಕ ಮೂಗಿನ ತುದಿಗಿತ್ತು. ಈ ಕಡೆ ಒಂದು ಸಾಲಿನಲ್ಲಿ ವಿಕ್ರಮ ಮತ್ತು ಕಂಪನಿಯ ವಕೀಲರು, ಇನ್ನೊಂದು ಸಾಲಿನಲ್ಲಿ ದೇವಾನಂದ, ಶೀತಲ. ಅವರಿಬ್ಬರ ಮೊಣಕೈಗಳ ನಡುವೆ ಜಾಗ ಎಷ್ಟಿದೆಯೆಂದು ಮೊದಲು ನೋಡಿದೆ. ಇಂಥ ಹೊತ್ತಿನಲ್ಲೂ.

ನನ್ನನ್ನು ಕಂಡು ದೇವಾನಂದ ಎದ್ದೇ ನಿಂತ. "ಬ್ಯಾಡ್ರಿ. ಹೊಳ್ಳಿ ಹೋಗ್ರಿ" ಎಂದ ಮೆಲ್ಲಗೆ.

ವಿಕ್ರಮ ನಗುತ್ತ, "ಮಂಜರಿ, ಇವತ್ತು ಆಫೀಸು ಇದೆಯಲ್ಲ?" ಎಂದು ಹಿಂದಿಯಲ್ಲಿ ಕೇಳಿದ. ಆ ನಗು ಯಾತಕ್ಕೆಂದು ಗೊತ್ತಿತ್ತು.

"ರಜೆ ಹಾಕಿದ್ದೇನೆ ಸರ್."

ಅಧಿಕಾರಿ ಮರಾಠಿಯಲ್ಲಿ ಹೇಳಿದರು: ಇದು ಕೋರ್ಟಲ್ಲ, ರಾಜಿ ಮಾಡಿಸುವ ಜಾಗ. ಆದರೂ ನೀನು ಹೇಳುವುದಿದ್ದರೆ ಕೇಳುತ್ತೇನೆ. ಇವನು ನಿನ್ನ ಮ್ಯಾನೇಜರ್ ಹೌದೋ ಅಲ್ಲವೋ?

ನಾಲ್ಕು ಜನರ ಮುಂದೆ ಹೆಸರು ಹೇಳಲು ಹೆದರುವವಳು ನಾನು. ಮರಾಠಿ ಶಬ್ದಗಳು ಒಂದೊಂದಾಗಿ ಬಂದವು.

"ಇವರು ನನ್ನ ಪಕ್ಕದಲ್ಲಿ ಕೂತು ನಾನು ಮಾಡುವ ಕೆಲಸವನ್ನೇ ಮಾಡುತ್ತಿದ್ದರು. ನನ್ನ ತಂದೆಯ ಆಪರೇಶನ್ ಇತ್ತು, ರಜೆ ಕೇಳಿದೆ. 'ನಾ ಮಂಜೂರ ಮಾಡೀನಿ, ಹೋಗ್ರಿ' ಎಂದರು. ಇವರಿಗೆ ಮಂಜೂರು ಮಾಡುವ ಅಧಿಕಾರವೇ ಇರಲಿಲ್ಲ. ನನ್ನ ಪಾಲಿನ ಬಿಲ್ಲು ಬಾಕಿ ಉಳಿಯದಿದ್ದರೆ ಮಾತ್ರ ರಜೆ ಎಂದು ಮೇಲಿನವರು ಹೇಳಿದ್ದರಂತೆ. ನಾನು ತಿರುಗಿ ಬಂದು ನೋಡಿದರೆ ನನ್ನ ಸರದಿಯ ಒಂದು ಬಿಲ್ಲೂ ಬಾಕಿ ಇರಲಿಲ್ಲ. ಎಲ್ಲದರ ಎದುರೂ ಇವರ ಹೆಸರಿತ್ತು."

ದೇವಾನಂದ ತಲೆ ಎತ್ತಿದ್ದ. ಅವನನ್ನು ನೋಡುವ ಧೈರ್ಯವಾಗದೆ ನಾನು ಮೇಜಿನ ಅಂಚು ನೋಡುತ್ತಿದ್ದೆ.

ಅಧಿಕಾರಿ ಕನ್ನಡಕ ಮೇಲೇರಿಸಿ ವಿಕ್ರಮನ ಕಡೆ ತಿರುಗಿದರು. "ಮ್ಯಾನೇಜರ್ ಆದವನು ರಜೆ ಕೊಡುತ್ತಾನೆ. ಇವನು ರಜೆ ಕೊಡಿಸುವುದಕ್ಕೆ ಇಬ್ಬರ ಕೆಲಸ ಮಾಡಿದ್ದಾನೆ. ನಿಮ್ಮ ಕಂಪನಿಯಲ್ಲಿ ಇದಕ್ಕೆ ಏನೆನ್ನುತ್ತಾರೆ?"

ವಿಕ್ರಮ ವಕೀಲರನ್ನು ನೋಡಿದ. ವಕೀಲರು ಕೈಗಡಿಯಾರ ನೋಡಿದರು.

ಗೆದ್ದೆವೆಂದಲ್ಲ. ನನ್ನ ಮಾತನ್ನು ಬರೆದುಕೊಂಡರು. ಇವನನ್ನು ತಿರುಗಿ ತೆಗೆದುಕೊಳ್ಳುವಿರಾ ಎನ್ನುವುದಕ್ಕೆ ಮುಂದಿನ ತಾರೀಖಿಗೆ ಉತ್ತರ ತನ್ನಿ, ಇಲ್ಲವಾದರೆ ವಿಷಯ ಲೇಬರ್ ಕೋರ್ಟಿಗೆ ಹೋಗುತ್ತದೆ ಎಂದರು. ಮುಚ್ಚಬೇಕಾಗಿದ್ದ ಬಾಗಿಲು ತೆರೆದೇ ಉಳಿಯಿತು. ಹೈದರಾಬಾದು ಅಷ್ಟು ದೂರ ಸರಿಯಿತು.

ಹೊರಗೆ ಬೇವಿನ ಮರದ ಕೆಳಗೆ ಅವನು ನನ್ನ ಎದುರು ಬಂದು ನಿಂತ.

"ನಿಮಗ ಗೊತ್ತಿತ್ತೇನು?"

"ಗೊತ್ತಿತ್ತು."

"ಮೊದಲಿಂದಾ?"

"ರಜಾ ಮುಗಿಸಿ ಬಂದ ದಿನದಿಂದ."

"ಮತ್ತ ಸಾಹೇಬ್ರ, ಸಾಹೇಬ್ರ ಅಂತ ಯಾಕ ಕರೀತಿದ್ರಿ? ಚಾಷ್ಟಿ ಮಾಡ್ತಿದ್ರೇನು?"

"ಇಲ್ರಿ. ಕರದ್ರ ನಿಮ್ಮ ಕಿವಿ ಕೆಂಪಾಗ್ತಿತ್ತು. ಅದನ್ನ ನೋಡ್ಲಿಕ್ಕೆ."

ಅವನ ಬದಲು ಕಿವಿ ಮಾತಾಡಿತು.

"ನಿಮ್ಮಪ್ಪಾರಿಗೆ ಈಗ ಏನಂತ ಹೇಳೂದ್ರಿ?"

"ನಿನ್ನೆ ನಾ ಹೇಳೇನಿ."

"ಏನಂದ್ರು?"

"'ಹಂಗಾದ್ರ ಆ ಹುಡುಗ ಕೈಕೆಳಗ ಮಂದಿ ಇಟ್ಕೊಂಡಾಂವ ಅಲ್ಲ, ಸ್ವಂತ ಕೈಲೆ ದುಡಿಯೋಂವ ಅನ್ನು' ಅಂದ್ರು. ಆಮ್ಯಾಲ, ಭಾನುವಾರ ಊಟಕ್ಕ ಕರಿ ಅಂದ್ರು."

ಅವನು ನಗಲು ಹೋಗಿ, ನಗಲಾಗದೆ, ಎರಡೂ ಅಂಗೈಯಿಂದ ಮುಖ ಉಜ್ಜಿಕೊಂಡ. "ಏಸ್ ದಿನಾ ನಿಮ್ಮ ಮುಂದ ದೊಡ್ಡಾಂವ ಆಗಿ ನಿಂದ್ರಬೇಕಂತ ಒದ್ದಾಡೀನ್ರಿ" ಎಂದ. "ಮಂಜರಿ, ನನಗ ನಿಮ್ಮ ಬಾಜೂಕ ಕೂಡೂದ ಸಾಕು."

"ಆ ಕುರ್ಚಿ ಇನ್ನೂ ಖಾಲಿ ಅದ" ಎಂದೆ. ನನಗೆ ಬಂದದ್ದು ಅಷ್ಟೇ. ಅವನಿಗೆ ಪೂರ್ತಿ ಕೇಳಿಸಿತು.

ಆಗ ಶೀತಲ ಮೆಟ್ಟಿಲಿಳಿದು ಬಂದಳು. ನಮ್ಮಿಬ್ಬರನ್ನೂ ನೋಡಿ ಅಲ್ಲಿಯೇ ನಿಂತಳು. ಮರುಕ್ಷಣ ಜೋರಾಗಿ, "ಚಲಾ, ನಿನ್ನನ್ನೇನರ ವಿಕ್ರಮ ತೆಗದ್ರ ಹೆದರಬ್ಯಾಡ ಮಂಜರಿ, ಸಹಿ ಮಾತ್ರ ಹಾಕಬ್ಯಾಡ. ಅದನ್ನೂ ಒಂದು ಕೇಸ್ ಮಾಡೂಣು!" ಎಂದು ನಕ್ಕಳು. "ನಂದು ಟ್ರೇನ್ ಅದ. ಸ್ಟೇಶನ್ ತನಕಾ ಬಸ್ಸಿಗೆ ಹೋಗ್ತೀನಿ. ನೀವು ಮಾತಾಡ್ರಿ."

ಅವಳು ಗೇಟಿನ ಕಡೆ ನಡೆದಳು. ಬೆನ್ನು ನೆಟ್ಟಗೆ, ಹೆಜ್ಜೆ ಬೇಕಂತಲೇ ಚುರುಕು. ಆ ನಡಿಗೆ ನನಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ದಿನ ಬಸ್ ಸ್ಟಾಪಿಗೆ ನಾನು ಹಾಗೆಯೇ ನಡೆದಿದ್ದೆ.

"ಅಕೀನ ಸ್ಟೇಶನ್ನಿಗೆ ಬಿಟ್ಟು ಬರ್ರಿ" ಎಂದೆ.

"ಯಾರು, ನಾನಾ?" ದೇವಾನಂದ ನನ್ನ ಮುಖವನ್ನು ಓದಲು ನೋಡಿದ. "ನೀವು?"

"ಇಲ್ಲೇ ಇರ್ತೀನಿ. ಹೋಗ್ರಿ."

ಅವಳು ಮತ್ತೆ ಅವನ ಹೆಗಲು ಹಿಡಿದು ಹತ್ತಿದಳು. ನನಗೆ ಮತ್ತೆ ಉರಿಯಿತು. ಹೊಟ್ಟೆಕಿಚ್ಚೆಂದರೆ ಒಂದು ಸಲ ಒಳ್ಳೆಯವಳಾದರೆ ಬಿಟ್ಟುಹೋಗುವ ಜ್ವರವಲ್ಲ. ಬೈಕು ಹೊರಟಿತು. ಅವಳು ತಿರುಗಿ ನನ್ನ ಕಡೆ ಕೈ ಮಾಡಿದಳು. ನಾನೂ ಮಾಡಿದೆ, ಮನಸ್ಸಿನಿಂದಲೇ.

ಚಹಾದಂಗಡಿಯ ಬೆಂಚಿನ ಮೇಲೆ ಕೂತೆ. ಒಂದು ಗ್ಲಾಸು ಮುಗಿಯುವಷ್ಟರಲ್ಲಿ ಫೋನು ಬಂತು.

"ಸ್ಟೇಶನ್ನಿಗೆ ಬಂದೇವ್ರಿ. ಅಕಿ ಟ್ರೇನ್ ಲೇಟ್ ಅದಂತ."

"ಪಾಪ. ಒಬ್ಬಾಕಿನ್ನ ಬಿಟ್ಟು ಬರಬ್ಯಾಡ್ರಿ. ಅಕಿ ಜೋಡಿ ಚಹಾ ಕುಡೀರಿ, ಗಾಡಿ ಬಂದ ಮ್ಯಾಲ ಬರ್ರಿ."

"ಮನಸಿನಿಂದ ಹೇಳ್ಲತ್ತೀರೇನ್ರಿ?"

"ಇಲ್ಲ" ಎಂದೆ. "ಲಗೂನ ಬರ್ರಿ."